ಶಾಯಿಯ ಸೀಸೆಯ ಸಾಕ್ಷ್ಯ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಮೈಸೂರಿನಲ್ಲಿ ಜನ್ಮತಾಳಿ, 1962ರ ಮಹಾಚುನಾವಣೆಯಿಂದೀಚೆಗೆ ಭಾರತದ ಪ್ರಜೆಗಳ ಬೆರಳಿಗೆ ಮಸಿ ಬಳಿಯುವ ಭಾಗ್ಯವನ್ನು ಪಡೆದ ಸಂಸ್ಥೆಯ ವಂಶದಲ್ಲಿ ಹುಟ್ಟಿದ ವೃದ್ಧ ಸೀಸೆಯೊಂದನ್ನು, ಮತದಾರನು ಒಂದು ಪಕ್ಷಕ್ಕೆ ಒಲಿಯುವುದೇಕೆಂಬ ಜಿಜ್ಞಾಸೆಯಿಂದ ನಾನು ಕಂಡೆನು. ಪಂಡಿತರನ್ನೇ ಕೇಳಬಹುದಾಗಿತ್ತು, ಆದರೆ ಅವರು ಫಲಿತಾಂಶ ಬಂದ ಮರುದಿನ ಸರ್ವಜ್ಞರಾಗುವವರು.

ನಾನು: ಜನರು ಜಾತಿಯನ್ನು ನೋಡಿಯೇ ಮತ ನೀಡುವರೆಂಬ ಮಾತು ನಿಜವೆ?

ಸೀಸೆ: ಸ್ವಾಮಿ, ನನಗೆ ಕಾಣುವುದು ಎಡಗೈಯ ತೋರುಬೆರಳು ಮಾತ್ರ; ಅದಕ್ಕೆ ಜನಿವಾರವೂ ಇಲ್ಲ, ಶಿವದಾರವೂ ಇಲ್ಲ. 'ನಮ್ಮವನು' ಎಂಬ ಅಭಿಮಾನದಿಂದ ಬಂದ ಬೆರಳುಗಳು ಬೇಕಾದಷ್ಟಿವೆ; 'ನಮ್ಮವ'ರೇ ಮೂವರು ನಿಂತಾಗ ಅವು ತಡವರಿಸುವುದನ್ನೂ ನೋಡಿದ್ದೇನೆ.

ನಾನು: ಹಣ?

ಸೀಸೆ: ಇಬ್ಬರಿಂದ ಇಸಿದುಕೊಂಡು ಮೂರನೆಯವನಿಗೆ ಠಸ್ಸೆ ಒತ್ತಿ ಬಂದವರುಂಟು. ಹೆಚ್ಚು ಹೇಳಲಾರೆ; ಮತದಾನ ಗುಪ್ತ.

ನಾನು: ಕೃತಜ್ಞತೆ?

ಸೀಸೆ: ಇದು ಗಹನವಾದ ವಿಷಯ. ತಲೆತಲಾಂತರದಿಂದ ಗೇಣಿ ಅಳೆದು ಅಳೆದು ಬೆನ್ನು ಬಾಗಿದ್ದ ಒಕ್ಕಲಿನವನು 1974ರ ಭೂಸುಧಾರಣೆಯಿಂದ ಹೊಲದೊಡೆಯನಾದನಷ್ಟೆ. ಆ ಕಾನೂನನ್ನು ತಂದವರು ಆಗಿನ ಮುಖ್ಯಮಂತ್ರಿ ದೇವರಾಜ ಅರಸರು. ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದ ಮೇಲೆ, 1980ರ ಲೋಕಸಭಾ ಚುನಾವಣೆಯಲ್ಲಿ ಅವನು ಯಾರ ಋಣ ತೀರಿಸಿದನು? ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಅವರ ಪಾಲಾದುವು. ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಅವನಲ್ಲಿ ಕೃತಜ್ಞತೆ ಇರಲಿಲ್ಲವೆಂದಲ್ಲ; ಭೂಮಿ ಬಂದದ್ದು ಬೆಂಗಳೂರಿನಿಂದ, ಗೋಡೆಯ ಮೇಲೆ ತೂಗಿದ್ದ ಚಿತ್ರ ಮಾತ್ರ ದೆಹಲಿಯದು.

ನಾನು: ಹಾಗಾದರೆ ಮತದಾರನು ಚಿತ್ರಕ್ಕೆ ಮರುಳಾಗುವ ಮುಗ್ಧನೆಂದಾಯಿತು.

ಸೀಸೆ: ಅವಸರಪಡಬೇಡಿ. 1984ರ ಡಿಸೆಂಬರಿನಲ್ಲಿ, ಇಂದಿರಾ ಅವರ ಹತ್ಯೆಯ ಶೋಕ ಇನ್ನೂ ಆರದಿದ್ದಾಗ, ಕಾಂಗ್ರೆಸ್ಸಿಗೆ 24 ಲೋಕಸಭಾ ಸ್ಥಾನಗಳನ್ನು ಕೊಟ್ಟ ಈ ಜನರೇ, ತಮ್ಮ ಪಕ್ಷದ ಸೋಲಿಗೆ ಹೊಣೆಹೊತ್ತು ರಾಜೀನಾಮೆಯಿತ್ತ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಮುಂದಿನ ಮಾರ್ಚಿನಲ್ಲಿ ಮತ್ತೆ ಮತ ಕೇಳಿಬಂದಾಗ, ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಒಪ್ಪಿಸಿದರು. ಉಗುರಿನ ಮೇಲಿನ ನನ್ನ ಹಳೆಯ ಗುರುತು ಅಳಿದಿತ್ತೋ ಇಲ್ಲವೋ, ಹೊಸದನ್ನು ಹಚ್ಚಬೇಕಾಯಿತು. ದೆಹಲಿಗೊಂದು ತಕ್ಕಡಿ, ಬೆಂಗಳೂರಿಗೊಂದು. ತೂಗಿದ ಕೈ ಒಂದೇ. ಇದನ್ನು ಮುಗ್ಧತೆಯೆನ್ನುವವರು ಅಂಗಡಿಯಲ್ಲಿ ಒಂದು ಸೇರು ರಾಗಿ ಕೊಂಡು ನೋಡಲಿ.

ನಾನು: ಅಂದ ಮೇಲೆ, ಮತದಾರನ ನಿಜವಾದ ಕಾರಣವಾವುದು?

ಸೀಸೆ: ನನ್ನ ಒಡಲಲ್ಲಿರುವುದು ಬೆಳ್ಳಿಯ ನೈಟ್ರೇಟು. ಮತಗಟ್ಟೆಯೊಳಗೆ ಹಚ್ಚಿದಾಗ ನನ್ನ ಬಣ್ಣ ಊದಾ. ಬಿಸಿಲಿಗೆ ಬಂದ ಮೇಲೆ ಕಪ್ಪು. ಮತದಾರರು ಹೇಳುವ ಕಾರಣಗಳೂ ಹೊರಗೆ ಬಂದ ಮೇಲೆಯೇ ಬಣ್ಣ ಕಟ್ಟುವುವು. ಅದಿರಲಿ, ತಾವು ಮತ ನೀಡುವುದು ಯಾವುದರಿಂದ?

ನಾನು: ತತ್ತ್ವನಿಷ್ಠೆಯಿಂದ.

ಸೀಸೆ: ಡಿಸೆಂಬರಿನ ತತ್ತ್ವವೋ, ಮಾರ್ಚಿನದೋ?

ವಾಚಕರಲ್ಲಿ ಮುಚ್ಚಿಡುವುದೇನು? ಡಿಸೆಂಬರಿನಲ್ಲಿ ಹಸ್ತಕ್ಕೂ ಮಾರ್ಚಿನಲ್ಲಿ ನೇಗಿಲು ಹೊತ್ತ ರೈತನಿಗೂ ಠಸ್ಸೆ ಒತ್ತಿದವನು ನಾನು. ಒಂದೊಂದಕ್ಕೂ ಸಮರ್ಥನೆಯಾಗಿ ಒಂದೊಂದು ಪ್ರಬಂಧವನ್ನು ಬರೆದು, ಎರಡಕ್ಕೂ ಸಂಭಾವನೆ ಪಡೆದಿದ್ದೇನೆ.