ಸುಲಿಯೋ ಮುಂಚೆ ನೋಡಿ ಮೇಷ್ಟ್ರೇ

ನಮ್ಮ ಬೇಲಿಯಾಚೆಯ ಗೌಡ್ರ ಹತ್ತಿರ ಮೊಲದ ಮಾತು ಎತ್ತಬಾರದು. ಎತ್ತಿದರೆ ಅವತ್ತಿನ ಪೇಪರು ಓದಿದ ಹಾಗೇ. ಹುಣಸೂರಿನಿಂದ ನಾಗರಹೊಳೆ ಕಡೆಗೆ ಹೋಗುವ ದಾರಿಯ ಊರಲ್ಲಿ ಹುಟ್ಟಿ ಬೆಳೆದವರು. ಅವರಪ್ಪ ಮೊಲದ ಚರ್ಮವನ್ನು ಬನಿಯನ್ ಕಳಚಿದಂತೆ ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದರಂತೆ.

“ಅದೆಲ್ಲಾ ಅವ್ರ ಕಾಲಕ್ಕೇ ಮುಗೀತು ಬುಡಿ” ಎಂದು ಮೊದಲೇ ಒಂದು ಜಾಮೀನು ಕೊಟ್ಟುಕೊಳ್ಳುತ್ತಾರೆ. ಕೊಟ್ಟುಕೊಳ್ಳಲೇಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಮೊಲ ಹಿಡಿಯುವುದು ಅಪರಾಧ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲಂತೂ ಉರುಳಿಗೆ ಮೊಲ ಬೀಳುವ ಮುಂಚೆ ಉರುಳು ಹಾಕಿದವನೇ ಫಾರೆಸ್ಟಿನವರ ಕೈಗೆ ಬೀಳುತ್ತಾನೆ. ಆದರೆ ಅಪ್ಪ ಹೇಳಿಕೊಟ್ಟ ಕಟ್ಟುನಿಟ್ಟನ್ನು ಮಾತ್ರ ಗೌಡ್ರು ಇನ್ನೂ ಒಪ್ಪಿಸುತ್ತಾರೆ: ನಾಯಿ ಕಂಡರೂ ಓಡದ ಮೊಲ ಮುಟ್ಟಬಾರದು, ಕಿವಿಯೊಳಗೆ ಉಣ್ಣೆ ಗೊಂಚಲು ಕಟ್ಟಿದ್ದರೆ ಮನೆಗೆ ತರಬಾರದು, ಲಿವರ್ ಮೇಲೆ ಚುಕ್ಕೆ ಕಂಡರೆ ಅಲ್ಲೇ ಹೂಳಬೇಕು.

ಚುಕ್ಕೆಯ ಮಾತು ಕೇಳಿ ನನಗೂ ಮೇಷ್ಟ್ರುಗಿರಿ ಕೆರಳಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟುಲೇರ್ ಅಂತ ಒಂದು ಜಿಲ್ಲೆ, ಅಲ್ಲಿ 1911ರಲ್ಲಿ ಅಳಿಲುಗಳಲ್ಲಿ ಒಂದು ರೋಗ ಸಿಕ್ಕಿತು, ಟುಲರೀಮಿಯಾ ಅಂತ ಹೆಸರು, ಆಮೇಲೆ ನೋಡಿದರೆ ಕಾಡುಮೊಲ ಸುಲಿಯುವವರಿಗೂ ಕೈಗಾಯದ ಮೂಲಕ ಅದೇ ಹತ್ತುತ್ತಿತ್ತು, ಲಿವರ್ ಮೇಲೆ ಬಿಳಿ ಚುಕ್ಕೆಯೇ ಅದರ ಗುರುತು ಎಂದೆಲ್ಲ ಹೇಳಿದೆ. ಗೌಡ್ರು ಸುಮ್ಮನೆ ಕೇಳಿ, “ನೋಡಿ ಮತ್ತೆ, ನಮ್ಮಪ್ಪಂಗೆ ಅಮೇರಿಕದವ್ರು ಹೇಳ್ಕೊಟ್ರಾ?” ಅಂದರು.

ಮೊಲ ಹೋಯಿತು, ಚೂರಿ ಹೋಗಲಿಲ್ಲ. ಯುಗಾದಿ ಮಾರನೆಯ ದಿನದ ವರ್ಷದ ತೊಡಕಿಗೆ ನಮ್ಮ ಬೀದಿಯ ಗುಡ್ಡೆ ಬಾಡಿನ ಯಜಮಾನಿಕೆ ಇವರದೇ. ಹತ್ತಾರು ಮನೆಯವರು ದುಡ್ಡು ಸೇರಿಸಿ ಮರಿ ತರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಹೊಂಗೆ ಕೊಂಬೆಗೆ ಹಿಂಗಾಲು ಕಟ್ಟಿ ತೂಗುಹಾಕಿ, ಚರ್ಮದಡಿ ಮುಷ್ಟಿ ತೂರಿಸುತ್ತ ಬಿಡಿಸುತ್ತಾರೆ. ತಕ್ಕಡಿ ಇಲ್ಲ, ಕಣ್ಣಳತೆಯಲ್ಲೇ ಗುಡ್ಡೆ. ತಕ್ಕಡಿ ಇಲ್ಲದ್ದಕ್ಕೆ ಯಾರ ತಕರಾರೂ ಇಲ್ಲ. ನನ್ನ ತಕರಾರು ಬೇರೆ. ಕಸಾಯಿಖಾನೆಯಲ್ಲಾದರೆ ಪಶು ವೈದ್ಯರು ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ಹೊಂಗೆ ಮರದಡಿ ಮುದ್ರೆ ಎಲ್ಲಿಯದು? ಗೌಡ್ರ ಎರಡು ಕಣ್ಣೇ ಮುದ್ರೆ.

ಆ ಕಣ್ಣು ಮಾತ್ರ ಚುರುಕು. ಲಿವರನ್ನು ಅಂಗೈ ಮೇಲೆ ಹರಡಿ, ಹಿಂದೆ ಮುಂದೆ ತಿರುಗಿಸಿ, ಹೆಬ್ಬೆರಳಲ್ಲಿ ಒತ್ತಿಕೊಂಡು ಹೋಗುತ್ತಾರೆ. ಪಿತ್ತನಾಳ ಗಟ್ಟಿಯಾಗಿ ಬೆರಳಿಗೆ ತಡೆದರೆ ಅಲ್ಲೇ ಸೀಳುತ್ತಾರೆ. ಒಮ್ಮೊಮ್ಮೆ ಒಳಗಿಂದ ಎಲೆಯಾಕಾರದ ಚಪ್ಪಟೆ ಹುಳುಗಳು ಜಾರಿ ಬರುತ್ತವೆ. “ಕೆರೆ ಅಂಗಳದಲ್ಲಿ ಮೇಯ್ದದ್ದು ಇದು” ಎಂದು ಲಿವರ್ ಪಕ್ಕಕ್ಕಿಡುತ್ತಾರೆ. ಊಹೆ ಸರಿಯೇ. ಈ ಹುಳುವಿನ ಮರಿ ಮೊದಲು ಕೆರೆಯ ಬಸವನಹುಳುವಿನೊಳಗೆ ಬೆಳೆದು, ಹೊರಬಂದು ದಡದ ಹುಲ್ಲಿಗೆ ಅಂಟಿಕೊಳ್ಳುತ್ತದೆ. ನೀರು ಇಳಿದ ಕೆರೆಯಲ್ಲಿ ಹಸಿರು ಹುಲ್ಲು ಕಂಡು ಕುರಿ ನುಗ್ಗುತ್ತದೆ. ದವಡೆಯಡಿ ನೀರು ತುಂಬಿ ಜೋತುಬಿದ್ದ ಕುರಿಯನ್ನು ಸಂತೆಯಲ್ಲೇ ಬಿಟ್ಟು ಬರಬೇಕೆಂಬುದು ಇದಕ್ಕೇ.

ಗೌಡ್ರಿಗೂ ನನಗೂ ಜಗಳ ಹತ್ತುವುದು ನೀರುಗುಳ್ಳೆಯ ವಿಷಯದಲ್ಲಿ. ಲಿವರಿನಲ್ಲೋ ಶ್ವಾಸಕೋಶದಲ್ಲೋ ಬಿಳಿ ಪೊರೆಯ, ಒಳಗೆ ತಿಳಿನೀರು ತುಂಬಿದ ಗುಳ್ಳೆ ಕಂಡರೆ ಅವರು ಕೊಯ್ದು ಬೀಸಾಡುತ್ತಾರೆ. ಬಾಡು ಕೆಡಲಿಲ್ಲ, ಸರಿ. ಆದರೆ ಬೀಸಾಡಿದ್ದು ಎಲ್ಲಿಗೆ? ಬಾಲ ಆಡಿಸುತ್ತ ಕೂತ ಬೀದಿನಾಯಿಗೆ! ಗುಳ್ಳೆಯೊಳಗಿನ ಮರಿ ನಾಯಿಯ ಕರುಳಲ್ಲಿ ಲಾಡಿಹುಳುವಾಗುತ್ತದೆ, ಮೊಟ್ಟೆ ನಾಯಿಯ ಹೇಲಲ್ಲಿ ಹುಲ್ಲಿಗೂ ಬೀಳುತ್ತದೆ, ಅದರ ಕೂದಲಿಗೂ ಅಂಟುತ್ತದೆ. ನಾಯಿಯ ಮೈ ಸವರಿದ ಮಗು ಕೈ ತೊಳೆಯದೆ ರೊಟ್ಟಿ ಮುರಿದರೆ ಅದೇ ಗುಳ್ಳೆ ಮಗುವಿನ ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ಬೇಯಿಸಿ ತಿಂದವರಿಗೆ ಏನೂ ಆಗುವುದಿಲ್ಲ, ನಾಯಿ ಸಾಕಿದವರಿಗೆ ಆಗಬಹುದು. ಇದನ್ನು ಹೇಳಿದಾಗಿನಿಂದ ಗೌಡ್ರ ಮನೆಯಾಕೆ, ನಮಗೆಲ್ಲ ಅಕ್ಕ, ಹೊಂಗೆ ಮರದ ಹತ್ತಿರ ಒಂದು ಗುಂಡಿ ತೋಡಿಸುತ್ತಿದ್ದಾರೆ. ಗೌಡ್ರು ಮಾತ್ರ “ನಾಯಿ ಹೊಟ್ಟೆ ಮೇಲೆ ಹೊಡೆದ್ರಿ” ಎಂದು ಗೊಣಗುತ್ತಾರೆ.

ಇದೆಲ್ಲ ಬದುಕಿದ್ದ ಮರಿಯನ್ನು ಕೊಯ್ದಾಗಿನ ಮಾತು. ತಾನಾಗೇ ಸತ್ತದ್ದರ ಮಾತೇ ಬೇರೆ. ಮೊನ್ನೆ ಯಾರೋ ಬಂದು, ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿದೆ, ಚರ್ಮವಾದರೂ ಬಿಡಿಸಿಕೊಡಿ ಎಂದು ಗೌಡ್ರನ್ನು ಕರೆದರು. ನಾನು ಬೇಲಿ ಹತ್ತಿರ ಬಂದು, ಮೂಗಲ್ಲಿ, ಹಿಂದೆ ರಕ್ತ ಬಂದಿದೆಯಾ ಎಂದೆ. ಬಂದಿದೆ, ಕಪ್ಪಗಿದೆ, ಹೆಪ್ಪುಗಟ್ಟಿಲ್ಲ, ಹೊಟ್ಟೆ ಉಬ್ಬಿದೆ, ಕಾಲು ಸೆಟೆದಿಲ್ಲ ಎಂದರು. ಮುಟ್ಟಬೇಡಿ ಎಂದೆ.

“ಕರುಳು ಬೇನೇಲೂ ಹಿಂಗೇ ರಾತ್ರೋರಾತ್ರಿ ಸಾಯ್ತವೆ ಮೇಷ್ಟ್ರೇ. ಕುಯ್ದು ನೋಡುದ್ರೆ ತಾನೇ ಗೊತ್ತಾಗೋದು?”

ಕುಯ್ಯುವುದೇ ತಪ್ಪು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿದ್ದರೆ ಒಳಗಿನ ಕ್ರಿಮಿ ಗಾಳಿ ತಾಗುತ್ತಲೇ ಗಟ್ಟಿ ಕವಚದ ಬೀಜಕಣವಾಗಿ ಮಣ್ಣಿಗೆ ಇಳಿದು ದಶಕಗಟ್ಟಲೆ ಕಾಯುತ್ತದೆ. ಈ ಕ್ರಿಮಿಯ ಜಾತಕವನ್ನು ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲೇ ಬರೆದಿಟ್ಟಿದ್ದಾನೆ. ಸುಲಿದವನ ಕೈಯಲ್ಲಿ ನೋವಿಲ್ಲದ ಹುಣ್ಣು ಎದ್ದು, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋವಿಲ್ಲ ಎಂದು ಸುಮ್ಮನಿದ್ದರೆ ಜೀವಕ್ಕೇ ಕುತ್ತು. ಪಶು ವೈದ್ಯರು ಬಂದು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಚೂರಿ ಬೇಕಿಲ್ಲ. ರೋಗ ಅದೇ ಆದರೆ ಎಳೆದಾಡದೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು.

“ಎಳೆದಾಡಬಾರದು ಅಂತೀರಿ, ನೀರಿನ ಹತ್ರ ಹೂಳಬಾರದು ಅಂತಾರೆ. ಈ ಕುರಿ ಸತ್ತಿರೋದೇ ಕೆರೆ ಅಂಗಳದಲ್ಲಿ. ಈಗೇನ್ ಮಾಡೋದು?”

ನನ್ನ ಪಾಠ ಅಲ್ಲಿಗೆ ಮುಗಿಯಿತು. ಅದನ್ನು ವೈದ್ಯರನ್ನೇ ಕೇಳಬೇಕು ಎಂದೆ. ಗೌಡ್ರು ಬೇಲಿಯ ಮೇಲಿಂದ ಮೊಬೈಲು ಚಾಚಿ, “ಒತ್ತಿಕೊಡಿ ಮತ್ತೆ” ಅಂದರು. ಪಶು ವೈದ್ಯರನ್ನು ಕರೆಸುವ 1962 ಒತ್ತಿದೆ.

“ಅಷ್ಟೇನಾ? ನಾಕೇ ನಂಬರಾ?” ಎಂದು ಅನುಮಾನದಿಂದಲೇ ಕಿವಿಗಿಟ್ಟುಕೊಂಡರು.