ಕರ್ಣನ ಹಣೆಯ ಮೇಲೆ ಲೋಗೋ

ಪುತ್ತೂರು ಕಡೆಯ ಒಂದು ತಾಳಮದ್ದಲೆ. ಭಾಗವತರ ಎದುರು ಐದು ಮೊಬೈಲು. ಮರುದಿನ ಯೂಟ್ಯೂಬಿನಲ್ಲಿ ಕರ್ಣನ ಹಣೆಗೆ ಚಾನೆಲಿನ ಲೋಗೋ. ಕೆಳಗೊಂದು ಸಾಲು: ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ.

ಯಾರ ಹಕ್ಕು? ಪದ್ಯ ಬರೆದವರ ಹೆಸರು ಕರಪತ್ರದಲ್ಲೇ ಇಲ್ಲ. ಪಾಯಸ ಕೊಡಿಸಿದವರದ್ದಿದೆ, ದಪ್ಪ ಅಕ್ಷರದಲ್ಲಿ.

ಚಾನೆಲಿನವರನ್ನು ಕೇಳಿದರೆ, "ಪರಂಪರೆಗೆ ಎಂಥ ಕಾಪಿರೈಟ್ ಮಾರಾಯ್ರೇ?" ಸರಿ. ವಾರ ಕಳೆದು ಕರ್ಣನಾಗಿ ಮಾತಾಡಿದ ಅರ್ಥಧಾರಿ ತಮ್ಮದೇ ಮಾತಿನ ಹತ್ತು ನಿಮಿಷವನ್ನು ತಮ್ಮ ಚಾನೆಲಿಗೆ ಹಾಕಿದರು. ಕಾಪಿರೈಟ್ ಸ್ಟ್ರೈಕ್ ಬಂತು. ಪರಂಪರೆಯವರಿಂದಲೇ.

ಅಮೆರಿಕದಲ್ಲೂ ಒಂದು ತಾಳಮದ್ದಲೆ ಇದೆ. ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಮೇಜಿನ ಸುತ್ತ ಕೂತು ಪಾತ್ರವಾಗಿ ಮಾತಾಡುವುದು, ಕಥೆ ನಡೆಸಲು ಒಬ್ಬ ಭಾಗವತ, ಮದ್ದಲೆಯ ಜಾಗದಲ್ಲಿ ದಾಳ. ಅದರ ನಿಯಮ ಬಳಸಿ ಯಾರು ಬೇಕಾದರೂ ಹೊಸ ಪ್ರಸಂಗ ಬರೆದು ಮಾರಲಿ ಎಂದು 2000ದಲ್ಲಿ ಪರವಾನಗಿ ಕೊಟ್ಟ ಕಂಪನಿಯೇ 2023ರ ಜನವರಿಯಲ್ಲಿ ಕೈ ಹಿಂದೆಳೆಯಹೊರಟಿತು. ಬರೆಯುವವರು, ಆಡುವವರು ಸೇರಿ ಬೊಬ್ಬೆ ಹೊಡೆದರು. ಅದೇ ತಿಂಗಳು ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್‌ಗೆ ಬಂದವು. ಬಳಸಿ, ಮಾರಿ, ಹೆಸರು ಮಾತ್ರ ಹೇಳಿ.

ಹೆಸರು ಹೇಳುವುದು! ನಮಗೆ ಅದೊಂದೇ ಕಷ್ಟ.

ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿದ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮೇಲೆ, ಉಯಿಲಿನಿಂದ ಹಕ್ಕು ಪಡೆದ ಮಾಲಿನಿ ಮಲ್ಯ ದಾವೆ ಹೂಡಿದ್ದರು. 2009ರಲ್ಲಿ ತೀರ್ಪು. ಹಕ್ಕು ಮಲ್ಯರದ್ದೇ, ಕಾಯ್ದೆಯಲ್ಲಿರುವ ವಿನಾಯಿತಿಗಳು ಅಕಾಡೆಮಿಗೂ ಉಂಟು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಬರೆದವರು ತೀರಿದ ಮೇಲೂ ಹಕ್ಕು ಉಳಿಯುವ ಅರವತ್ತು ವರ್ಷದ ಲೆಕ್ಕ 2057ರ ಕೊನೆಗೆ ಮುಗಿಯುತ್ತದೆ. "ನಮ್ಮ ಕಾರಂತರು" ಎಂದು ಭಾಷಣ ಬಿಗಿಯುವವರಲ್ಲಿ ಈ ಹಕ್ಕಿನ ಬಗ್ಗೆ ಕೇಳಿ ನೋಡಿ. ಮೈಕು ಕೆಟ್ಟುಹೋಗುತ್ತದೆ.

ಕುಕ್ಕೆಯ ಬಳಿಯ ಕುಳ್ಕುಂದದ ಸಾಹಿತಿ ನಿರಂಜನರ ಕೃತಿಗಳನ್ನು ಮಗಳು ತೇಜಸ್ವಿನಿ ನಿರಂಜನ ಕ್ರಿಯೇಟಿವ್ ಕಾಮನ್ಸ್‌ನಡಿ ಬಿಟ್ಟುಕೊಟ್ಟರು. ಹಕ್ಕಿದ್ದವರು ಬಿಟ್ಟುಕೊಟ್ಟರು. ಇಲ್ಲದವರು ಕಾಯ್ದಿರಿಸುತ್ತಾರೆ.

ಸುಳ್ಯದ ಪ್ರಸಂಗಕರ್ತರೊಬ್ಬರಿಗೆ ಹೇಳಿದೆ: ಪುಸ್ತಕದ ಎರಡನೇ ಪುಟದಲ್ಲಿ ಬರೆದುಬಿಡಿ. ಯಾರು ಬೇಕಾದರೂ ಆಡಬಹುದು, ಹೆಸರು ಹಾಕಬೇಕು, ವಿಡಿಯೋದಿಂದ ದುಡ್ಡು ಮಾಡುವುದಾದರೆ ಕೇಳಬೇಕು.

ಅವರು ನಕ್ಕರು. "ಹಾಗೆ ಬರೆದ್ರೆ ನನ್ನ ಪ್ರಸಂಗ ಯಾರು ಆಡ್ತಾರೆ?"

ಮೊನ್ನೆ ಆಡಿದರಂತೆ. ಶಾಲು ಹೊದಿಸಿದ್ದು ಚಾನೆಲಿನವರಿಗೆ.