ಊರು ಬೆಳೀತು ಅಂದ್ರ ಏನು?

"ಅಕ್ಕಾರ, ನಸುಕಿನ್ಯಾಗ ಹಿಂಡಿ ಹಾಕಿದ ಧೋತ್ರ ನೋಡ್ರಿಲ್ಲೆ" ಅಂತ ಕಾಂಪೌಂಡಿನ ಮ್ಯಾಲಿಂದ ಕೈ ಚಾಚಿದೆ. ಅಂಚಿನ ಗುಂಟ ಬೆರಳಾಡಿಸಿದರೆ ಕಾರ್ಖಾನೆ ಹೊಗೆಯ ಮಸಿಗೆ ತುದಿ ಕರ್ರಗಾಗುತ್ತಿತ್ತು. ಪಕ್ಕದ ಮನೆಯ ಅಕ್ಕಾರು ತಮ್ಮ ತುಳಸಿಯ ಎಲೆಯೊಂದನ್ನು ಸೆರಗಿನಿಂದ ಒರೆಸಿ, ಆ ಕಪ್ಪನ್ನೂ ತೋರಿಸಿದರು. "ಧೋತ್ರ ಮತ್ತ ಒಗೀಬಹುದು ತಮ್ಮಾ, ಎದಿಯೊಳಗ ಕುಂತದ್ದನ್ನ ಹೆಂಗ ಒಗೀತಿ?"

ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆದಾಗ ಅಕ್ಕಾರೂ ಹೋಗಿದ್ದರು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೇ ಜನರೊಂದಿಗೆ ನಿಂತ ದಿನ ಅದು. ಉದ್ಯೋಗ ಬೇಡ ಅಂತ ಅಲ್ಲಿ ಯಾರೂ ಅನ್ನಲಿಲ್ಲ. ಊರ ಮಗ್ಗುಲಿಗೇ ಇನ್ನೆಷ್ಟು ಹೊಗೆ ಅನ್ನುವುದೇ ಕೇಳಿದ ಮಾತು.

1997ರಲ್ಲಿ ಜಿಲ್ಲೆಯಾದ ಮೇಲೆ ಕೊಪ್ಪಳ ಬೆಳೆದಿದೆ, ನಿಜ. ಎಷ್ಟು ಲೇಔಟ್ ಆದವು, ಎಷ್ಟು ರಸ್ತೆ ಡಾಂಬರು ಕಂಡವು ಅಂತ ಕಡತ ಹೇಳುತ್ತದೆ. ನನ್ನ ಅಳತೆ ಬೇರೆ: ಊರಿನ ಹಳ್ಳದಾಗ ಏನು ಹರಿಯುತ್ತದೆ? ಗಂಗಾವತಿಗೆ ಹೋದರೆ ದುರ್ಗಮ್ಮನ ಹಳ್ಳದ ಹತ್ತಿರ ಒಂದು ಗಳಿಗೆ ನಿಂತು ನೋಡಿ. ಭತ್ತದ ಕಣಜ ಅನ್ನಿಸಿಕೊಂಡ ಊರಿನ ಕೊಳೆಯೆಲ್ಲ ಅಲ್ಲೇ ಸೇರುತ್ತದೆ.

ಇಂಥ ಹಳ್ಳ ಸುಧಾರಿಸೋದಿಲ್ಲ ಅನ್ನುವವರಿಗೆ ಕೊಪ್ಪಳದ ಹಿರೇಹಳ್ಳ ತೋರಿಸುತ್ತೇನೆ. ಜಾಲಿ, ಹೂಳು, ಕಸ ತುಂಬಿ ಹಳ್ಳದ ಗುರುತೇ ಅಳಿದಿತ್ತು. 2019ರಲ್ಲಿ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಳ್ಳ ಹಸನು ಮಾಡಿದರು. ಅದೇ ವರ್ಷ ಕುಷ್ಟಗಿಯವರು ನಿಡಶೇಸಿ ಕೆರೆಯ ಹೂಳು ತೆಗೆದರು. ಇದು ಅಭಿವೃದ್ಧಿ!

"ನಮ್ಮ ತವರು ಯಲಬುರ್ಗಾ ಕಡೆ, ಹೊಳಿ ಇಲ್ಲ. ಮಳಿ ನೀರು ನಿಲ್ಲಿಸಿದವರದೇ ಊರು" ಅಂದರು ಅಕ್ಕಾರು. "ಆದರ ಹಳ್ಳ ಹಸನಾದ ಮ್ಯಾಲೆ ಮತ್ತ ಚರಂಡಿ ಅದಕ್ಕ ತಿರುಗಿಸಿದ್ರ?"

ಅಲ್ಲೇ ಇದೆ ಯೋಜನೆಯ ಮಾತು. ಹಳ್ಳದ ದಂಡೆಗೆ ಎಷ್ಟು ಜಾಗ ಬಿಡಬೇಕು, ಕಾರ್ಖಾನೆ ಮನೆಗಳಿಂದ ಎಷ್ಟು ದೂರ, ಕೊಳಚೆ ಎಲ್ಲಿ ಶುದ್ಧವಾಗಬೇಕು ಅನ್ನುವುದು ಮೊದಲೇ ನಕ್ಷೆಯಲ್ಲಿ ಇರಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಮಹಾಯೋಜನೆಯ ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಲೇಬೇಕು. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಯೂ ಆಗಬೇಕು. ಆ ಪ್ರಕಟಣೆ ಬಂದಾಗ ನಾವು ಓದುವುದೇ ಇಲ್ಲ. ಗೋಡೆ ಕಟ್ಟಿದ ಮೇಲೆ ಕೂಗುತ್ತೇವೆ.

ಅಕ್ಕಾರು ಎಲೆಯನ್ನು ಕಾಂಪೌಂಡಿನ ಮೇಲಿಟ್ಟು, "ಮುಂದಿನ ಸಲ ನಕ್ಷಿ ಬಂದ್ರ ನನ್ನನ್ನೂ ಕರಕೊಂಡು ಹೋಗು, ಸಹಿ ಮಾಡ್ತೀನಿ" ಅಂದರು. ನೀವೂ ಬನ್ನಿ. ಕೊಪ್ಪಳವಾಗಲಿ ಗಂಗಾವತಿಯಾಗಲಿ, ನಿಮ್ಮ ಓಣಿಯ ಹಳ್ಳ ಆ ನಕ್ಷೆಯಲ್ಲಿ ಎಲ್ಲಿದೆ ಅಂತ ಹುಡುಕಿ, ಇಲ್ಲದಿದ್ದರೆ ಬರೆದು ಕೊಡಿ.